ಎಣ್ಣೆ ಹಚ್ಚಿದ ತಲೆಗೆ ತಣ್ಣನೆಯ ಟೋಪಿ

ಆಸ್ಪತ್ರೆಯವರ ಸೂಚನೆ ಸರಳವಾಗಿತ್ತು. ಕಿಮೋಗೆ ಬರುವ ದಿನ ತಲೆ ತೊಳೆದಿರಬೇಕು, ಎಣ್ಣೆ ಹಚ್ಚಬಾರದು, ಜಡೆ ಹೆಣೆಯಬಾರದು. ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ಇಷ್ಟನ್ನು ಪಾಲಿಸಲು ನನ್ನಿಂದ ಆಗಲಿಲ್ಲ. ಯಾಕೆಂದರೆ ವಿಜಯಪುರದಿಂದ ಅವ್ವ ಬಂದಿದ್ದಳು, ಮತ್ತು ನನಗೆ ಕ್ಯಾನ್ಸರ್ ಅನ್ನುವುದು ಅವ್ವನಿಗೆ ಗೊತ್ತಿರಲಿಲ್ಲ.

ಎದೆಯಲ್ಲೊಂದು ಗಂಟಿತ್ತು, ತೆಗೆಸಿದ್ದಾಯಿತು, ಈಗ ಶಕ್ತಿ ಬರಲೆಂದು ಸಲೈನ್ ಹಾಕುತ್ತಾರೆ ಎಂದು ಹೇಳಿದ್ದೆವು. ಗಂಡ ಈ ಸುಳ್ಳು ಬೇಡವೇ ಬೇಡ ಅಂದಿದ್ದರು, ನಾನು ಕೇಳಲಿಲ್ಲ. ಅವ್ವನ ತಂಗಿ, ನನ್ನ ಚಿಕ್ಕಮ್ಮ, ಇದೇ ರೋಗದಿಂದ ತೀರಿಕೊಂಡವಳು. "ಮೊದಲ ಕೂದಲ ಹೋದ್ವು, ಆಮ್ಯಾಲ ಆಕಿ ಹೋದಳು," ಎಂದು ಅವ್ವ ಇವತ್ತಿಗೂ ಹೇಳುತ್ತಾಳೆ, ನಡುವೆ ಬೇರೇನೂ ನಡೆಯಲೇ ಇಲ್ಲವೇನೋ ಅನ್ನುವ ಹಾಗೆ. ನನ್ನ ತಲೆಯ ಮೇಲೆ ಕೂದಲಿದ್ದರೆ ಅವಳಿಗೆ ಅನುಮಾನ ಬರುವುದಿಲ್ಲ ಅಂದುಕೊಂಡಿದ್ದೆ.

ತಣ್ಣನೆಯ ಟೋಪಿಗೆ ಒಪ್ಪಿದ್ದು ಅದಕ್ಕೇ. ಯಂತ್ರಕ್ಕೆ ಜೋಡಿಸಿದ ಟೋಪಿಯನ್ನು ಔಷಧ ಏರಿಸುವ ಮೊದಲೇ ತಲೆಗೆ ಬಿಗಿಯುತ್ತಾರೆ, ಮುಗಿದ ಮೇಲೂ ಬಹಳ ಹೊತ್ತು ಬಿಡುತ್ತಾರೆ. ತಂಪಿಗೆ ನೆತ್ತಿಯ ರಕ್ತನಾಳಗಳು ಕುಗ್ಗಿ ಕೂದಲ ಬೇರಿಗೆ ಔಷಧ ಕಡಿಮೆ ತಲುಪುತ್ತದಂತೆ. ಎಲ್ಲರಿಗೂ ಫಲಿಸುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮೊದಲ ಸಲ ಹಣೆ ಸಿಡಿದುಹೋಗುವಂಥ ನೋವು, ಹಲ್ಲು ಕಟಕಟ. ಹೇಗೋ ತಡೆದುಕೊಂಡೆ.

ತಡೆಯಲಾಗದ್ದು ಮನೆಗೆ ಬಂದ ಮೇಲಿನ ದಿನಗಳು. ದಿಂಬು ನೋಡುವುದು, ಬಚ್ಚಲ ಜಾಲರಿ ನೋಡುವುದು, ಬಾಲ್ಕನಿಗೆ ಹೋಗುವುದು, ಕೆಳಗಿನ ಹಳಿಯ ಮೇಲೆ ಒಂದು ರೈಲು ದಾಟುವಷ್ಟರಲ್ಲಿ ಮತ್ತೆ ಬಂದು ದಿಂಬು ನೋಡುವುದು. "ಕಾಲಾಗ ಚಕ್ರ ಐತೇನ ನಿನಗ? ಒಂದ್ ಕಡೆ ಕುಂದ್ರ," ಎಂದು ಅವ್ವ ಗದರುತ್ತಿದ್ದಳು. ಆ ಸಲ ಉದುರಿದ್ದು ಸ್ವಲ್ಪವೇ.

ಎರಡನೆಯ ಕಿಮೋ ಶುಕ್ರವಾರ ಬಂತು. ಅವ್ವ ಅಳಿಯನ ಕೈಯಲ್ಲಿ ಬೇಗಂ ಬಜಾರಿನಿಂದ ಕೊಬ್ಬರಿ ಎಣ್ಣೆ, ಮೆಂತ್ಯ ತರಿಸಿ, ದಾಸವಾಳ, ಕರಿಬೇವು ಹಾಕಿ ಕಾಸಿಟ್ಟಿದ್ದಳು. ನಾನು ತಲೆ ತೊಳೆದು, ಕೂದಲು ಬಿಟ್ಟುಕೊಂಡೇ ಚಪ್ಪಲಿ ಮೆಟ್ಟುವಷ್ಟರಲ್ಲಿ ಬಾಗಿಲಿಗೆ ಅಡ್ಡ ನಿಂತಳು.

"ಶುಕ್ರವಾರ ದಿನ ಮುತ್ತೈದಿ ಕೂದಲ ಬಿಟ್ಕೊಂಡು ಹೊಸ್ತಿಲ ದಾಟ್ತಾಳೇನು? ಕುಂದ್ರ ಇಲ್ಲಿ."

"ಹೊತ್ತಾಗೈತಿ ಅವ್ವಾ. ಬಂದ ಮ್ಯಾಲ ಹಚ್ಚೀಯಂತ."

"ಸಲೈನ್ ಹಾಕಿಸ್ಕೊಳ್ಳಾಕ ಎಣ್ಣಿ ಏನ್ ಅಡ್ಡ ಬರ್ತೈತಿ?"

ನಿಜ ಹೇಳುವಂತಿರಲಿಲ್ಲ, ಚಪ್ಪಲಿ ಕಳಚಿದೆ. ಕುಳಿತೆ. ಬೆಚ್ಚಗಿನ ಎಣ್ಣೆ ನೆತ್ತಿಗಿಳಿಯಿತು. ಹಲ್ಲು ಕಚ್ಚಿಕೊಂಡಿದ್ದರೂ ಆ ಕೈ ಹಿತವಾಗಿತ್ತು, ಹಿತವಾಗಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಅವ್ವ ಬಿಗಿಯಾಗಿ ಜಡೆ ಹೆಣೆದು, ಹೋಗಿ ಬಾ ಅಂದಳು.

ಆಸ್ಪತ್ರೆಯಲ್ಲಿ ನರ್ಸಮ್ಮ ಜಡೆ ಮುಟ್ಟಿ ಕೈ ಒರೆಸಿಕೊಂಡರು. "ನೂನೆ ಪೆಟ್ಟುಕುನಿ ವಚ್ಚಾರಾ ಅಮ್ಮಾ?" ಎಣ್ಣೆ ಹಚ್ಚಿಕೊಂಡು ಬಂದಿರಾ ಎಂದು ತೆಲುಗಿನಲ್ಲೇ ಗದರಿ, ಎಣ್ಣೆಯಿದ್ದರೆ ಟೋಪಿಯ ತಂಪು ನೆತ್ತಿಗೆ ಸರಿಯಾಗಿ ತಾಗುವುದಿಲ್ಲ ಎಂದರು. ಬೇಸಿನ್ನಿಗೆ ತಲೆ ಬಗ್ಗಿಸಿ ಶಾಂಪೂ ಹಾಕಿದರು. ಅವ್ವನ ಎಣ್ಣೆ ಒಂದು ಶಾಂಪೂಗೆಲ್ಲ ಜಗ್ಗುವಂಥದ್ದಲ್ಲ. ನನ್ನ ಹಿಂದೆ ಇನ್ನೂ ಜನ ಕಾಯುತ್ತಿದ್ದರು. ಹಾಗೆಯೇ ಟೋಪಿ ಬಿಗಿದರು.

ಕೆಲವು ದಿನಗಳಾದ ಮೇಲೆ, ಅವ್ವ ಬಾಚುತ್ತಿರುವಾಗಲೇ, ನಡುನೆತ್ತಿಯ ಕೂದಲು ಹಿಡಿಯಷ್ಟು ಬಾಚಣಿಗೆಗೆ ಬಂತು. ಅವ್ವ ಎದ್ದು ಹೋಗಿ ಎಣ್ಣೆ ಬಾಟಲಿ ಮೂಸಿ ನೋಡಿದಳು. "ಮೆಂತ್ಯ ಹೊತ್ತಿಸಿಬಿಟ್ಟೀನಿ. ಸುಟ್ಟ ಎಣ್ಣಿ ಹಚ್ಚಿದೆ ಮಗಳಿಗೆ," ಎಂದು ಇಡೀ ಬಾಟಲಿಯನ್ನು ಮೋರಿಗೆ ಸುರಿದಳು.

ನಿಜ ಹೇಳುತ್ತೇನೆ, ನನಗೆ ಬದುಕಿದೆಯಾ ಬಡಜೀವವೇ ಅನ್ನಿಸಿತು. ಕೂದಲಿಗೆ ಒಂದು ಕಾರಣ ಸಿಕ್ಕಿತ್ತು, ಅದೂ ನಾನು ಹುಡುಕದೆ. ಬಾತ್‌ರೂಮಿಗೆ ಹೋಗಿ ಮೆಲ್ಲಗೆ ಆಸ್ಪತ್ರೆಗೆ ಫೋನ್ ಮಾಡಿದೆ. ಎಣ್ಣೆಯಿಂದ ಟೋಪಿಯ ತಂಪು ತಾಗದೇ ಹೋಗಿರಬಹುದು, ಎಲ್ಲ ಸರಿಯಿದ್ದೂ ಕೆಲವರಿಗೆ ಉದುರುತ್ತದೆ, ಯಾವುದೆಂದು ಹೇಳಲಾಗದು ಎಂದರು ನರ್ಸಮ್ಮ. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬರುತ್ತದೆ, ಅಲ್ಲಿಯವರೆಗೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಮೃದುವಾಗಿ ಬಾಚಿ ಎಂದೂ ಹೇಳಿದರು.

ಆದರೆ ಅವ್ವ ನನ್ನ ತಲೆ ಮುಟ್ಟುವುದನ್ನೇ ಬಿಟ್ಟಳು. ಕೈ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ರೊಟ್ಟಿ ಅರ್ಧಕ್ಕೇ ಬಿಡುತ್ತಿದ್ದಳು. ನಾನು ಅಡುಗೆಮನೆಗೂ ಬಾಲ್ಕನಿಗೂ ಓಡಾಡುತ್ತಿದ್ದರೆ, ಕಾಲಲ್ಲಿ ಚಕ್ರವಿದೆಯಾ ಎಂದು ಕೇಳುವವರೇ ಇಲ್ಲ. ಒಂದು ಬೆಳಿಗ್ಗೆ ಪಕ್ಕದ ಮನೆಯವರು ತಮ್ಮ ಮಗುವನ್ನು ತಂದು ಎತ್ತಿಕೊಳ್ಳಿ ಎಂದರೆ, "ಬ್ಯಾಡವಾ, ನನ್ನ ಕೈಗುಣ ಚಲೋ ಇಲ್ಲ," ಎಂದಳು.

ಅದನ್ನು ಕೇಳಿಸಿಕೊಂಡು ನಿಲ್ಲಲು ನನ್ನಿಂದಾಗಲಿಲ್ಲ. ಪಕ್ಕದ ಮನೆಯವರನ್ನು ಕಳಿಸಿ ಬಾಗಿಲು ಹಾಕಿದೆ. ಅವಳೆದುರು ನೆಲದ ಮೇಲೆ ಕುಳಿತೆ.

"ಅದು ನಿನ್ನ ಎಣ್ಣೀಲಿಂದ ಅಲ್ಲವ್ವಾ. ಔಷಧದಿಂದ."

"ಎಂಥಾ ಔಷಧ?"

"ಚಿಗವ್ವಗ ಕೊಟ್ಟಿದ್ರಲ್ಲ, ಅಂಥಾದ್ದು."

ಟೋಪಿಯ ವಿಷಯವನ್ನೂ, ಆ ಶುಕ್ರವಾರದ ವಿಷಯವನ್ನೂ ನಾನು ಹೇಳಲಿಲ್ಲ. ಅದಷ್ಟನ್ನು ಇವತ್ತಿಗೂ ಹೇಳಿಲ್ಲ, ಮುಂದೆಯೂ ಹೇಳುವುದಿಲ್ಲ. ಈಗ ಔಷಧ ಚಲೋ ಬಂದಾವ, ಗಂಟು ಪೂರ್ತಿ ತೆಗೆದಾರ, ಕೂದಲ ಮತ್ತ ಬರ್ತಾವ ಎಂದು ಒಂದೇ ಉಸಿರಿಗೆ ಒದರಿದೆ. ಅವ್ವ ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಎರಡೂ ಕೈಯಿಂದ ನನ್ನ ತಲೆ ಹಿಡಿದಳು, ಉದುರುತ್ತದೆಂಬ ಅಂಜಿಕೆಯಿಲ್ಲದೆ, ಗಟ್ಟಿಯಾಗಿ.

"ನನ್ನ ಎಣ್ಣೀದ ತಪ್ಪಾಗಿದ್ರ ಎಷ್ಟ್ ಚಲೋ ಇತ್ತಲ್ಲವಾ," ಅಂದಳು.