ದನ ತಿರುಗಿಸುವ ಎಸೆತ

ನನ್ನ ಮೊಮ್ಮಗಳು ಚೆಂಡು ಎಸೆಯುವುದನ್ನು ನೀವು ನೋಡಬೇಕಿತ್ತು. ಕ್ರಿಕೆಟ್ಟಿನ ಚೆಂಡಲ್ಲ, ಬೇಸ್‌ಬಾಲಿನದು. ನೆಲಕ್ಕೆ ಪುಟ ಬೀಳದಂತೆ ನೇರ ಎಸೆಯಬೇಕು. ಎದುರಿಗೆ ನೆಲದಲ್ಲಿ ಒಂದು ಬಿಳಿ ಹಲಗೆ ಇರುತ್ತದೆ. ದಾಂಡು ಹಿಡಿದವಳು ಅದರ ಪಕ್ಕಕ್ಕೆ ನಿಲ್ಲುತ್ತಾಳೆ. ಚೆಂಡು ಆ ಹಲಗೆಯ ಮೇಲೇ, ಅವಳ ಮೊಣಕಾಲಿಗಿಂತ ಮೇಲೆ ಎದೆಗಿಂತ ಕೆಳಗೆ ಹಾದುಹೋಗಬೇಕು. ಹಾಗೆ ಎಸೆಯುವವಳಿಗೆ ಪಿಚರ್ ಅನ್ನುತ್ತಾರೆ. ಕಡೂರಿನ ಹೈಸ್ಕೂಲು ತಂಡಕ್ಕೆ ನಮ್ಮ ಮನೆಯ ಹುಡುಗಿಯೇ ಪಿಚರ್! ಇದನ್ನು ಬರೆಯುವಾಗಲೂ ನನ್ನ ಮುಖ ಅರಳಿಕೊಂಡೇ ಇದೆ, ಏನು ಮಾಡಲಿ.

ಪಂದ್ಯದ ಹಿಂದಿನ ಸಾಯಂಕಾಲ ನಾನೂ ತಂಡದ ಜೊತೆ ತರೀಕೆರೆಯ ಮೈದಾನದಲ್ಲಿದ್ದೆ. ಎದುರಾಳಿಗಳು ಅಜ್ಜಂಪುರದ ಹುಡುಗಿಯರು. ಗೆದ್ದವರು ಮುಂದಿನ ಹಂತಕ್ಕೆ, ಸೋತವರು ಮನೆಗೆ. ಆದರೆ ನನ್ನ ಮೊಮ್ಮಗಳಿಗಿದ್ದ ಭಯ ಬೇರೆ. ಹಿಂದಿನ ಪಂದ್ಯದಲ್ಲಿ ಅವಳ ಚೆಂಡು ದಾಂಡು ಹಿಡಿದ ಒಬ್ಬ ಹುಡುಗಿಯ ಭುಜಕ್ಕೆ ಬಡಿದಿತ್ತು. ಆ ಹುಡುಗಿ ಅತ್ತಳು, ಇವಳು ಅದಕ್ಕಿಂತ ಹೆಚ್ಚು ಅತ್ತಳು. ಅಂದಿನಿಂದ ಇವಳ ಕೈ ಹೆದರಿಬಿಟ್ಟಿತ್ತು. ಚೆಂಡು ಹಲಗೆಯ ಮೇಲೆ ಬರದೆ ದೂರಕ್ಕೆ, ಆಚೆಗೆ ಹೋಗುತ್ತಿತ್ತು.

ಅವರ ಮೇಷ್ಟ್ರು ಒಳ್ಳೆಯವರೇ. ಆದರೂ ಖಂಡಿತವಾಗಿ ಹೇಳಿದ್ದರು: "ನಾಳೆ ಶುರು ನೀನೇ ಮಾಡವ್ವ. ಮೊದ್ಲು ಮೂರು ಚೆಂಡು ನೋಡ್ತೀನಿ. ಮೂರೂ ಆಚೆ ಹೋದ್ರೆ ಬೇರೆಯವ್ಳನ್ನ ಇಳಿಸ್ತೀನಿ. ಬೇಜಾರು ಮಾಡ್ಕೋಬೇಡ."

ಮೈದಾನದಲ್ಲಿ ಮೊದಲು ಅಜ್ಜಂಪುರದವರ ಅಭ್ಯಾಸ. ಅವರ ಪಿಚರ್ ಹುಡುಗಿಯನ್ನು ನೋಡಿ ನಾನು ಎಲೆಯಡಿಕೆ ಅಗಿಯುವುದನ್ನೇ ಮರೆತೆ. ಉದ್ದಕ್ಕೆ ಸಣ್ಣಗೆ ಇದ್ದಾಳೆ, ಕೊಕ್ಕರೆಯ ಹಾಗೆ ಒಂದು ಕಾಲೆತ್ತಿ ನಿಲ್ಲುತ್ತಾಳೆ, ಆಮೇಲೆ ಸುಂಯ್! ಚೆಂಡು ಹೋದದ್ದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ನಮ್ಮವಳು ಗಿಡ್ಡಿ, ಅಷ್ಟು ವೇಗವಿಲ್ಲ. ಆದರೆ ಮಣಿಕಟ್ಟು ಗಟ್ಟಿ, ಗುರಿ ಅಂದರೆ ಗುರಿ. ಅವಳಿಗೆ ವೇಗ, ಇವಳಿಗೆ ಗುರಿ. ನಾಳೆ ನೋಡುವವರ ಪುಣ್ಯ ಅಂದುಕೊಂಡೆ.

ಅಷ್ಟರಲ್ಲಿ ಒಂದು ಕಂಡಿತು. ಎಸೆಯುವಾಗ ಆ ಕೊಕ್ಕರೆಯ ಮುಂಗಾಲು ಪುಡಿಗಲ್ಲಿನ ಮೇಲೆ ಬಿದ್ದು ಜಾರುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಎದ್ದುಹೋಗಿ ಹೇಳಿದೆ: "ತಾಯಿ, ಕಾಲು ಜಾರ್ತಿದೆ ಕಣವ್ವ. ಆ ಕಲ್ಲೆಲ್ಲ ಬಾಚಿ, ಮಣ್ಣು ತುಳಿದು ಗಟ್ಟಿ ಮಾಡ್ಕೊ. ಹೆಜ್ಜೆ ಒಂಚೂರು ಚಿಕ್ಕದಿಡು."

ಹುಡುಗಿ ಹಾಗೇ ಮಾಡಿದಳು. ಮುಂದಿನ ಚೆಂಡು ಹಿಡಿದವಳ ಗ್ಲೌಸು ಪಟಾಕಿಯ ಹಾಗೆ ಸದ್ದು ಮಾಡಿತು.

ನನ್ನ ಮೊಮ್ಮಗಳು ಓಡಿಬಂದಳು. "ತಾತ, ನಿಂಗೇನು ತಲೆ ಕೆಟ್ಟಿದ್ಯಾ? ನಾಳೆ ಅವ್ಳು ಎಸೆಯೋದು ನಮ್ಗೆ!"

"ಕಾಲು ಜಾರ್ತಿತ್ತು ಕಣೇ..."

"ಜಾರ್ಲಿ ಬಿಡು! ನಿಂಗೇನು?"

ಕೊಕ್ಕರೆ ನಕ್ಕಳು. "ಬಿಡೇ, ನಿಮ್ ತಾತಂಗೆ ನಮ್ ಟೀಮಿನ ಟೀಶರ್ಟ್ ಕೊಡಿಸ್ತೀವಿ."

ಏನು ಹೇಳಲಿ? ನಾನು ಎಮ್ಮೆದೊಡ್ಡಿ ಕಾವಲಿನ ಅಂಚಿನಲ್ಲಿ ದನ ಮೇಯಿಸಿಕೊಂಡು ಬಂದವನು. ಅಲ್ಲಿ ದನವೊಂದು ಹೊಲಕ್ಕೆ ನುಗ್ಗಿದರೆ ಯಾರದೆಂದು ಕೇಳುವುದಿಲ್ಲ, ಹತ್ತಿರ ಇದ್ದವನು ತಿರುಗಿಸುತ್ತಾನೆ. ತಿರುಗಿಸುವುದಕ್ಕೂ ಒಂದು ರೀತಿ ಇದೆ. ದನಕ್ಕೆ ಹೊಡೆಯಬಾರದು. ಮಣ್ಣಿನ ಹೆಂಟೆ ಅದರ ಮೂತಿಯ ಮುಂದೆ ಗೇಣಿನಳತೆಯಲ್ಲಿ ಹಾದು ಬೀಳಬೇಕು, ಅದು ಬೆಚ್ಚಿ ಕತ್ತು ಹೊರಳಿಸಬೇಕು. ದೂರ ಬಿದ್ದರೆ ಕ್ಯಾರೇ ಅನ್ನುವುದಿಲ್ಲ. ಮೊಮ್ಮಗಳು ಮೊಣಕಾಲುದ್ದ ಇದ್ದಾಗಲೇ ನನ್ನ ಜೊತೆ ಬಂದು ಇದನ್ನು ಕಲಿತವಳು. ಅದು ನೆನಪಾದದ್ದೇ ತಡ, ನಾನು ಹೋಗಿ ಹಲಗೆಯ ಪಕ್ಕ ನಿಂತೆ.

"ಬಾರೇ. ನಾನೇ ದನ. ತಿರುಗ್ಸು ನೋಡಾಣ."

"ಹುಚ್ಚು ತಾತ! ಬಿದ್ರೆ?"

"ಬಿದ್ರೆ ನಿಮ್ಮಜ್ಜಿ ನಿನ್ನ ನೋಡ್ಕೋತಾಳೆ. ಎಸಿ."

ಕೊಕ್ಕರೆ ಓಡಿಬಂದು ತನ್ನ ಹೆಲ್ಮೆಟ್ಟನ್ನು ನನ್ನ ತಲೆಗೆ ಸುತ್ತಿದ್ದ ಟವೆಲ್ಲಿನ ಮೇಲೇ ಒತ್ತಿ ಕೂರಿಸಿದಳು. "ಇದ್ನಾದ್ರೂ ಹಾಕ್ಕೊಳಿ ತಾತ" ಅಂದು, ಗ್ಲೌಸು ತೊಟ್ಟು ನನ್ನ ಹಿಂದೆ ಕುಕ್ಕುರುಗಾಲಲ್ಲಿ ಕೂತಳು. "ನಾನು ಹಿಡೀತೀನಿ, ಎಸಿಯೇ!"

ಮೊದಲ ಚೆಂಡು ಎಲ್ಲೋ ಹೋಯಿತು. ಎರಡನೆಯದೂ ಅಷ್ಟೇ.

"ಇದಕ್ಕೆ ದನ ಅಲ್ಲಾಡಲ್ಲ ಕಣೇ, ಹೊಲ ಪೂರ್ತಿ ಮೇಯ್ದು ಮನೆಗೆ ಹೋಗುತ್ತೆ" ಅಂದೆ. "ನನ್ನ ಯಾಕೆ ನೋಡ್ತೀಯ? ದನ ನೋಡ್ಬಾರ್ದು, ಹೆಂಟೆ ಬೀಳೋ ಜಾಗ ನೋಡ್ಬೇಕು. ಮರ್ತೋಯ್ತಾ?"

ಅವಳು ಕಣ್ಣು ಕಿರಿದು ಮಾಡಿದಳು. ಮೂರನೆಯ ಚೆಂಡಿನ ಗಾಳಿ ನನ್ನ ಅಂಗಿಯನ್ನು ಸವರಿತು. ನಾನು ಹೊಟ್ಟೆ ಒಳಗೆಳೆದುಕೊಂಡು ಹಿಂದಕ್ಕೆ ಬಾಗಿದ್ದೆ. ಕೊಕ್ಕರೆ ಕೈ ಒದರಿಕೊಂಡು "ಅಬ್ಬಾ, ಉರೀತಿದೆ ಕಣೇ!" ಅಂದಳು. ಆಮೇಲಿನ ಎರಡು ಮತ್ತೆ ಆಚೆ. ಅಷ್ಟರಲ್ಲಿ ಮೇಷ್ಟ್ರು ಓಡಿಬಂದು, ಹೆಲ್ಮೆಟ್ಟಿನ ಸಮೇತ ನನ್ನನ್ನು ಹೊರಕ್ಕೆ ಕಳಿಸಿದರು.

ಬೆಳಿಗ್ಗೆ ಪಂದ್ಯ. ಮೊದಲು ದಾಂಡು ಹಿಡಿದು ಬಂದವಳು ಅದೇ ಕೊಕ್ಕರೆ. ನನ್ನ ಮೊಮ್ಮಗಳ ಮೊದಲ ಚೆಂಡು ಆಚೆ. ಎರಡನೆಯದು ಇನ್ನೂ ಆಚೆ. ಮೇಷ್ಟ್ರು ಬೆಂಚಿನಲ್ಲಿದ್ದ ಇನ್ನೊಬ್ಬಳಿಗೆ ಏಳು ಅಂತ ಸನ್ನೆ ಮಾಡಿದರು. ನನ್ನ ಕೈಯಲ್ಲಿದ್ದ ಕಡ್ಲೆಕಾಯಿ ಹಾಗೇ ಉಳಿದವು.

ಮೊಮ್ಮಗಳು ಬಗ್ಗಿ ಒಂದು ಚಿಟಿಕೆ ಮಣ್ಣು ಬೆರಳಿಗೆ ತೀಡಿಕೊಂಡಳು, ಹೆಂಟೆ ಎತ್ತುವ ಮುಂಚೆ ಮಾಡುತ್ತಿದ್ದ ಹಾಗೇ. ಕಣ್ಣು ಕೊಕ್ಕರೆಯ ಮೇಲಿರಲಿಲ್ಲ. ಎಸೆದಳು. ಕೊಕ್ಕರೆ ಬೆಚ್ಚಿ, ಕತ್ತು ಹೊರಳಿಸಿ ಹಿಂದಕ್ಕೆ ಸರಿದಳು. ಚೆಂಡು ಹಲಗೆಯ ಅಂಚನ್ನು ಹಾದು ಹಿಂದೆ ಕೂತವಳ ಗ್ಲೌಸಿನೊಳಕ್ಕೆ ಬಿತ್ತು. ಎಸೆತ ಸರಿ ಅಂತ ಅಂಪೈರು ಕೈ ಎತ್ತಿದರು.

"ತಿರುಗ್ತು ಕಣೇ! ತಿರುಗ್ತು!" ನಾನು ಎದ್ದು ನಿಂತು ಕೂಗಿದ್ದಕ್ಕೆ ಮೈದಾನವೆಲ್ಲ ನನ್ನನ್ನೇ ನೋಡಿತು. ಮೇಷ್ಟ್ರು ಇನ್ನೊಬ್ಬಳಿಗೆ ಕೂತ್ಕೋ ಅಂತ ಕೈ ಮಾಡಿದರು. ಆಟ ಮುಗಿಯುವವರೆಗೂ ಅವಳು ಮತ್ತೆ ಏಳಬೇಕಾಗಲಿಲ್ಲ.

ಪಂದ್ಯ ಗೆದ್ದವರು ಅಜ್ಜಂಪುರದವರು, ಒಂದೇ ಒಂದು ಓಟದಿಂದ. ಕೊಕ್ಕರೆಯ ಕಾಲು ಒಂದು ಸಲವೂ ಜಾರಲಿಲ್ಲ.

ಬಸ್ಸು ಬೀರೂರು ದಾಟಿತು. ಮೊಮ್ಮಗಳು ನನ್ನ ಕೈಯಲ್ಲಿದ್ದ ಕಡ್ಲೆಕಾಯಿ ಕಿತ್ತುಕೊಂಡು ಹೇಳಿದಳು: "ಮುಂದಿನ್ಸಲ ನಿನ್ನ ಕರ್ಕೊಂಡು ಬತ್ತೀನಿ ತಾತ. ಆದ್ರೆ ದನ ಬಾಯಿ ಹಾಕ್ದಂಗೆ ಮೂತಿಗೆ ಕಟ್ತೀವಲ್ಲ ಬಾಯ್ಕುಕ್ಕೆ, ಅದನ್ನ ನಿಂಗೆ ಹಾಕಿ."