ಮಡಿಲು ಎಂಬ ಜಾಗ

ಮಡಿಲು ವಿಚಿತ್ರವಾದ ಜಾಗ. ಕುಳಿತಾಗ ಇರುತ್ತದೆ, ಎದ್ದು ನಿಂತರೆ ಇರುವುದಿಲ್ಲ. ಎಲ್ಲಿಗೆ ಹೋಯಿತೆಂದು ಯಾರೂ ಹುಡುಕುವುದಿಲ್ಲ. ಮತ್ತೆ ಕುಳಿತರೆ ಬಂದೇ ಬರುತ್ತದೆ ಎಂಬ ಭರವಸೆ. ಈ ಲೆಕ್ಕದಲ್ಲಿ ನೋಡಿದರೆ ಮಹಾರಾಷ್ಟ್ರದ ಗಡಿಯ ನಮ್ಮ ಉಮರ್ಗಾ ಊರಿನಲ್ಲಿ ನನ್ನಷ್ಟು ಸಿರಿವಂತೆ ಇನ್ನೊಬ್ಬಳಿರಲಾರಳು. ಬೆಳಗ್ಗೆ ಗಾಲಿಕುರ್ಚಿಗೆ ಇಳಿದವಳು ಮತ್ತೆ ಹಾಸಿಗೆಗೆ ಹೊರಳುವವರೆಗೆ ನನ್ನದು ಅಖಂಡ ಮಡಿಲು. ಅದರಲ್ಲಿ ಯಾರೂ ಏನನ್ನೂ ಇಡುವುದಿಲ್ಲ ಎನ್ನುವುದು ಬೇರೆ ಮಾತು.

ಭೂತಾಯಿಯ ಮಡಿಲು ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಆ ತಾಯಿ ಒಂದು ನಸುಕಿನಲ್ಲಿ ಮೈ ಕೊಡವಿದ್ದನ್ನು ನಮ್ಮ ಕಡೆಯವರು ಮರೆತಿಲ್ಲ. ಭೂಕಂಪದಲ್ಲಿ ನಮ್ಮ ಮನೆಯ ಕಲ್ಲುಮಣ್ಣಿನ ಗೋಡೆ ನನ್ನ ಬೆನ್ನಿನ ಮೇಲೆ ಬಿತ್ತು. ನಾನಾಗ ಇನ್ನೂ ಲಂಗ ಉಡುವ ಹುಡುಗಿ. ನನಗೂ ಸೊಂಟದ ಕೆಳಗಿನ ಭಾಗಕ್ಕೂ ಅಂದಿನಿಂದ ಮಾತುಕತೆ ನಿಂತಿದೆ. ಚಿವುಟಿದರೂ ತಿಳಿಯದು, ಬಿಸಿ ಚಹಾ ಚೆಲ್ಲಿದರೂ ತಿಳಿಯದು. ಕಣ್ಣಿಟ್ಟು ನೋಡಿದಾಗ ಮಾತ್ರ ಅವು ನನ್ನ ಕಾಲುಗಳು. ಈಗ ಅಣ್ಣನ ಮನೆಯಲ್ಲಿದ್ದುಕೊಂಡು ಸೀರೆಗಳಿಗೆ ಫಾಲ್ ಹಚ್ಚುತ್ತೇನೆ. ಊರ ಹೆಂಗಸರ ಸೀರೆಗಳೆಲ್ಲ ನನ್ನ ಕೈಯಿಂದ ಹಾದು ಮದುವೆಗೆ, ಬಸುರಿಯರ ಕುಬುಸದ ಕಾರ್ಯಕ್ಕೆ ಹೋಗುತ್ತವೆ. ನಾನು ಹೋಗುವುದು ಕಡಿಮೆ.

ಹೋಗುವುದು ಕಡಿಮೆ ಏಕೆಂದರೆ ಬಸ್ಸು. ದೊಡ್ಡ ಶಹರಗಳಲ್ಲಿ ಈಗ ನೆಲಕ್ಕೆ ಬಗ್ಗುವ ಬಸ್ಸುಗಳು ಬಂದಿವೆಯಂತೆ. ಗಾಲಿಕುರ್ಚಿ ಕಂಡರೆ ಒಂದು ಪಕ್ಕಕ್ಕೆ ವಾಲಿ, ಹಲಗೆ ಚಾಚಿ, ಬನ್ನಿ ಎನ್ನುತ್ತವಂತೆ. ನಮ್ಮ ಕೆಂಪು ಬಸ್ಸುಗಳಿಗೆ ಇನ್ನೂ ಮಂಡಿ ಬಂದಿಲ್ಲ. ಅವುಗಳ ಮೇಲಿನ ಮೆಟ್ಟಿಲು ನನ್ನ ಎದೆಯ ಮಟ್ಟಕ್ಕಿದೆ. ನಮ್ಮ ಭಾಗದ ಒಂದು ಬಸ್‌ಸ್ಟ್ಯಾಂಡಿನಲ್ಲಿ ನನ್ನಂಥವರಿಗಾಗಿ ಇಳಿಜಾರು ಕಟ್ಟಿದ್ದಾರೆ. ಊರ ಹೆಸರು ಹೇಳಿದರೆ ಅಲ್ಲಿಯವರಿಗೆ ಬೇಜಾರಾದೀತು. ಅದನ್ನು ಏದುಸಿರು ಬಿಟ್ಟು ಹತ್ತಿದರೆ ಮೇಲೆ ಎರಡು ಮೆಟ್ಟಿಲು ಕಾದಿರುತ್ತವೆ. ಕಟ್ಟಿದ ಗೌಂಡಿಗೆ ಕೊನೆಯಲ್ಲಿ ಹಳೆಯ ಅಭ್ಯಾಸ ನೆನಪಾಗಿರಬೇಕು. ಇಳಿಜಾರು ಹಾಳಾಗಿಲ್ಲ, ಮೋಟರ್‌ಸೈಕಲ್ಲುಗಳು ಅಲ್ಲಿ ಸುಖವಾಗಿ ನಿಲ್ಲುತ್ತವೆ.

ಹಾಗೆಂದು ನಮ್ಮ ಜನ ಕೆಟ್ಟವರಲ್ಲ. ನಾನು ಬಸ್ಸಿನ ಹತ್ತಿರ ಹೋದರೆ ಸಾಕು, ಎಲ್ಲಿದ್ದರೋ, ನಾಲ್ಕೂ ಕಡೆಯಿಂದ ಕೈಗಳು ಬರುತ್ತವೆ. ಧರಾ, ಉಚಲಾ, ಸಂಭಾಳೂನ್, ಹಿಡೀರಿ, ಎತ್ತರಿ, ಜ್ವಾಕಿ ಎಂದು ಮರಾಠಿ ಕನ್ನಡ ಎರಡರಲ್ಲೂ ಗದ್ದಲವೆಬ್ಬಿಸಿ ತೊಗರಿಯ ಚೀಲವನ್ನು ಎತ್ತಿದಂತೆ ಎತ್ತಿ ಬಾಗಿಲ ಬಳಿಯ ಸೀಟಿಗೆ ಇಳಿಸುತ್ತಾರೆ. ಚೀಲವನ್ನು ಯಾರೂ ಮಾತಾಡಿಸುವುದಿಲ್ಲವಲ್ಲ. "ಇವ್ರು ಎಲ್ಲಿ ಇಳೀತಾರ್ರಿ?" ಎಂದು ಅಣ್ಣನನ್ನು ಕೇಳುತ್ತಾರೆ. ನಾನು ಉತ್ತರ ಹೇಳಿದರೂ ಅಣ್ಣನ ಮುಖವನ್ನೇ ನೋಡುತ್ತಾರೆ. ಇಷ್ಟು ಕೈಗಳು ಮೈ ಮುಟ್ಟಿದ ಮೇಲೂ ಒಬ್ಬಳೇ ಇದ್ದೇನೆ ಅನ್ನಿಸುವುದು ಹೇಗೆ ಎಂದು ನೀವು ಕೇಳಬಹುದು. ನನಗೂ ಅದು ಪೂರ್ತಿ ತಿಳಿದಿಲ್ಲ.

ಸ್ವಲ್ಪ ತಿಳಿದಿರುವುದು ಮಡಿಲಿನ ವಿಷಯ. ನಮ್ಮ ಕಡೆಯ ಬಸ್ಸಿನಲ್ಲಿ ಕುಳಿತವರ ಮಡಿಲು ಅವರದಲ್ಲ, ನಿಂತವರದು. ಇದಕ್ಕೆ ಯಾವ ಕಾನೂನೂ ಇಲ್ಲ, ಆದರೆ ಪಾಲಿಸದವರನ್ನು ನಾನು ಕಂಡಿಲ್ಲ. ನಿಂತ ಹೆಂಗಸು ಗುರುತು ಪರಿಚಯ ನೋಡುವುದಿಲ್ಲ, ಒಪ್ಪಿಗೆ ಕೇಳುವುದಿಲ್ಲ. "ಜರಾ ಹಿಡೀರಿ" ಎಂದು ಕೈಚೀಲವನ್ನೋ ರೊಟ್ಟಿಯ ಗಂಟನ್ನೋ ಕುಳಿತವರ ಮೇಲೆ ಇಟ್ಟೇಬಿಡುತ್ತಾಳೆ. ಹೆಚ್ಚಾಗಿ ಇಡುವುದು ಕೂಸನ್ನು. ಕೂಸು ಮಡಿಲಿಗೆ ಬಂದಮೇಲೆ ಯಾವೂರು, ಯಾರ ಪೈಕಿ ಎಂದು ಮಾತು ಶುರುವಾಗುತ್ತದೆ. ಹೀಗೆ ಶುರುವಾದ ಮಾತು ಮುಂದೆ ಬೀಗತನಕ್ಕೆ ಮುಟ್ಟಿದ್ದೂ ಇದೆ.

ನನ್ನ ತಲೆಯ ಮೇಲಿಂದ ಎಷ್ಟೋ ಕೂಸುಗಳು ಹಾದುಹೋಗಿವೆ. ಮುಂದೆ ನಿಂತವಳು ನನ್ನತ್ತ ಕೂಸು ಚಾಚುತ್ತಾಳೆ, ಆಗ ಯಾರಾದರೂ "ಆಕಿಗಿ ಬ್ಯಾಡವ್ವ, ಪಾಪ ತ್ರಾಸ್ ಆಗ್ತದ" ಎನ್ನುತ್ತಾರೆ. ಕೂಸು ಹಿಂದಿನ ಸೀಟಿಗೆ ಹೋಗುತ್ತದೆ. ಅದರ ಕಾಲುಗೆಜ್ಜೆ ನನ್ನ ಕಿವಿಯ ಪಕ್ಕದಲ್ಲಿ ಒಮ್ಮೆ ಸದ್ದು ಮಾಡುತ್ತದೆ, ಅಷ್ಟೆ. ತಂದೆಯ ತೊಡೆಯ ಮೇಲೆ ಜಾಗ ಸಿಗಲಿಲ್ಲವೆಂದು ಪುರಾಣದ ರಾಜಕುಮಾರನೊಬ್ಬ ಕಾಡಿಗೆ ಹೋಗಿ ತಪಸ್ಸು ಮಾಡಿದ. ಅವನಿಗೆ ಆಕಾಶದಲ್ಲೇ ಜಾಗ ಕೊಟ್ಟರು. ಜಾಗ ಇಟ್ಟುಕೊಂಡು ಕುಳಿತವಳ ಬಳಿಗೆ ಯಾರೂ ಬರದಿದ್ದರೆ ಎಲ್ಲಿಗೆ ಹೋಗಿ ತಪಸ್ಸು ಮಾಡಬೇಕೆಂದು ಪುರಾಣದವರು ಬರೆದಂತಿಲ್ಲ.

ಹೋದ ಸುಗ್ಗಿಯ ನಂತರ ನಿಲಂಗಾದಲ್ಲಿ ಅಕ್ಕನ ಹೊಸ ಮನೆಯ ಪ್ರವೇಶವಿತ್ತು. ಅಣ್ಣ ಅತ್ತಿಗೆ ಕೆಲಸಕ್ಕೆಂದು ಹಿಂದಿನ ದಿನವೇ ಹೋದರು. ಮರುದಿನ ತಿರುಗಿ ಬಂದು ನನ್ನನ್ನು ಕರೆದೊಯ್ಯುತ್ತೇನೆಂದು ಅಣ್ಣ ಹೇಳಿದಾಗ, ನೀನು ಅಲ್ಲಿಯ ಸ್ಟ್ಯಾಂಡಿನಲ್ಲಿ ನಿಂತಿರು, ನಾನೇ ಬರುತ್ತೇನೆ ಎಂದುಬಿಟ್ಟೆ. ಎಂದಮೇಲೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಬಸ್ ಹತ್ತುವ ದಿನ ನಾನು ನೀರು ಮುಟ್ಟುವುದಿಲ್ಲ, ಒಳಗೆ ದಪ್ಪ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಸೊಂಟದ ಕೆಳಗೆ ತಿಳಿಯದವರಿಗೆ ಮೂತ್ರ ಹೋದದ್ದೂ ತಿಳಿಯುವುದಿಲ್ಲ. ಸೀರೆಯ ಮೇಲೆ ಒಂದು ಕಲೆ ಕಂಡರೆ ಇಡೀ ಬಸ್ಸು ನನ್ನನ್ನು ಹೇಗೆ ನೋಡುತ್ತದೆಂದು ನನಗೆ ಗೊತ್ತು. ಹಾಗೊಮ್ಮೆ ಆದಮೇಲೆ ನಾನು ವರ್ಷಗಟ್ಟಲೆ ಮನೆ ಬಿಟ್ಟಿರಲಿಲ್ಲ.

"ಸಂಗಟ ಯಾರ್ ಬಂದಾರ್ರಿ ತಾಯಿ?" ಎಂದು, ಮರುದಿನ ನಾನು ಕುರ್ಚಿ ತಳ್ಳಿಕೊಂಡು ಸ್ಟ್ಯಾಂಡಿಗೆ ಹೋದಾಗ, ಕಂಡಕ್ಟರ್ ಕೇಳಿದ.

"ಯಾರೂ ಇಲ್ಲರೀ. ನಾ ಒಬ್ಬಾಕೆನೆ."

"ಏಕಟ್ಯಾಚ್? ಒಬ್ರೇ? ಕಮಾಲ್ ಅದ ನಿಮ್ದು" ಎಂದು ಅವನು ನಕ್ಕ. ಎಂದಿನ ಕೈಗಳು ಬಂದವು, ಎತ್ತಿದವು, ಇಳಿಸಿದವು. ಕುರ್ಚಿಯನ್ನು ಮಡಚಿ ಹಿಂದಿನ ಸಾಲಿನ ಸಂದಿಯಲ್ಲಿ ತುರುಕಿದರು. ನನ್ನನ್ನು ಎತ್ತಿದವರಲ್ಲಿ ಬಹಳ ಮಂದಿ ಬೇರೆ ಬಸ್ಸಿನವರು, ಉಳಿದವರು ದಾರಿಯಲ್ಲಿ ಇಳಿದುಹೋದರು. ಹೀಗಾಗಿ ನಡುದಾರಿಯ ಕಾಸಾರ ಸಿರ್ಸಿ ಮುಟ್ಟುವ ಹೊತ್ತಿಗೆ ಬಸ್ಸಿನಲ್ಲಿ ನನ್ನ ಇತಿಹಾಸ ಬಲ್ಲವನು ಕಂಡಕ್ಟರ್ ಒಬ್ಬನೇ.

ಕಾಸಾರ ಸಿರ್ಸಿಯಲ್ಲಿ ಅಂದು ಸಂತೆಯೋ ಏನೋ, ಜನ ನುಗ್ಗಿತು. ಬಗಲಲ್ಲಿ ಕೂಸು, ತಲೆಯ ಮೇಲೆ ಗಂಟು ಇದ್ದ ಒಬ್ಬ ಹುಡುಗಿಯಂಥ ತಾಯಿ ಹತ್ತಿದಳು. ಗಂಟನ್ನು ಕೈಯಿಂದ ಕೈಗೆ ಹಿಂದಕ್ಕೆ ಕಳಿಸಿ, ನನ್ನತ್ತ ತಿರುಗಿ, "ಜರಾ ಹಿಡೀರಿ ಅಕ್ಕ" ಎಂದು ಕೂಸನ್ನು ನನ್ನ ಮಡಿಲಲ್ಲಿ ಇಟ್ಟಳು.

ಹೇಳಬೇಕಿತ್ತು. ಬ್ರೇಕ್ ಹಾಕಿದರೆ ನಾನು ಕಾಲೂರಲಾರೆ, ಮುಂದಕ್ಕೆ ಮುಗ್ಗರಿಸುತ್ತೇನೆ. ನನಗೆ ಆಗದು ಎಂದು ಬಾಯಿಯವರೆಗೆ ಬಂತು. ಅಷ್ಟರಲ್ಲಿ ಕೂಸು ನನ್ನ ಕೊರಳ ಸರವನ್ನು ಮುಷ್ಟಿಯಲ್ಲಿ ಹಿಡಿದು ಆಕಳಿಸಿತು. ನಾನು ಒಂದು ಕೈಯಿಂದ ಕಿಟಕಿಯ ಸರಳನ್ನು, ಇನ್ನೊಂದರಿಂದ ಅದನ್ನು ಬಿಗಿಯಾಗಿ ಹಿಡಿದುಕೊಂಡೆ. ಅದರ ಭಾರ ನನಗೆ ತೊಡೆಯ ಮೇಲೆ ತಿಳಿಯಲಿಲ್ಲ, ತೋಳಿನಲ್ಲಿ ತಿಳಿಯಿತು. ಹೆದರಿಕೆಯಿಂದ ಬೆವರಿದೆ. ಬಹಳ ಸಂತೋಷವಾಗಿತ್ತು.

ಮಾತು ಶುರುವಾಯಿತು. "ಯಾವೂರರೀ ನಿಮ್ದು?" ಎಂದಳು. ಉಮರ್ಗಾ ಎಂದೆ.

"ಮಕ್ಕಳು ಎಷ್ಟರೀ?"

"ಮದಿವೀನೆ ಆಗಿಲ್ಲವ್ವ."

"ಯಾಕರೀ?"

ನನ್ನನ್ನು ಇದುವರೆಗೂ ಯಾರೂ ಕೇಳದ ಪ್ರಶ್ನೆ ಇದು. ನೋಡಿದವರಿಗೆ ಉತ್ತರ ಕಣ್ಣೆದುರಿಗೇ ಇರುತ್ತಿತ್ತು. ಹೀಗಾಗಿ ನಾನು ಒಂದು ಉತ್ತರವನ್ನು ಸಿದ್ಧಮಾಡಿಟ್ಟಿರಲೇ ಇಲ್ಲ. "ಹಂಗೇ, ಕೂಡಿ ಬರಲಿಲ್ಲ" ಎಂದೆ. ಅವಳು ತಲೆಯಾಡಿಸಿ, ತನ್ನ ನಾದಿನಿಗೂ ಕೂಡಿ ಬರುತ್ತಿಲ್ಲವೆಂದು ಅವಳ ಕತೆ ಹೇಳಿದಳು. ನಿಲಂಗಾದವರೆಗೂ ನಾನು ಕೂಡಿ ಬರದ ಸಾದಾ ಹೆಂಗಸಾಗಿದ್ದೆ.

ನಿಲಂಗಾ ಬಂತು. ಅವಳು ಕೂಸನ್ನು ಎತ್ತಿಕೊಂಡಳು. ಅಣ್ಣ ಕೆಳಗೆ ಕಾಯುತ್ತಿದ್ದವನು ಹತ್ತಿ ಬಂದ, ಕಂಡಕ್ಟರ್ ಹಿಂದಿನಿಂದ ಕುರ್ಚಿ ಕಳಿಸಿದ, ಇಬ್ಬರು ಗಂಡಸರು ನನ್ನ ಕಂಕುಳಿಗೆ ಕೈ ಹಾಕಿದರು. ಆಗ ಆ ಕೈಗಳು ಅಲ್ಲೇ ನಿಂತವು. ನಾನು ಕೆಳಗೆ ನೋಡಿದೆ. ಸೀರೆಯ ಮುಂಭಾಗ ಪೂರ್ತಿ ಒದ್ದೆಯಾಗಿತ್ತು.

ಕಂಡಕ್ಟರ್ ಮುಖ ತಿರುಗಿಸಿದ. ಅಣ್ಣ ಹೆಗಲ ಮೇಲಿನ ಟವೆಲ್ ತೆಗೆದು ಬೇಗನೆ ನನ್ನ ಮೇಲೆ ಹಾಕಿದ. ಅವನು ಮಾಡಿದ್ದು ಪ್ರೀತಿಯಿಂದಲೇ, ಆದರೂ ಅಷ್ಟು ಜನರಲ್ಲಿ ನನಗೆ ಹೆಚ್ಚು ನೋವಾದದ್ದು ಆ ಟವೆಲ್‌ನಿಂದ. ಕೆಳಗೆ ಇಳಿಸಿ ಕುರ್ಚಿಯಲ್ಲಿ ಕೂಡಿಸಿದರು. ನಾನು ತಲೆ ಎತ್ತಲಿಲ್ಲ. ಇನ್ನು ಮನೆ ಬಿಡುವುದು ಬೇಡ ಎಂದು ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು.

"ಅದು ನಮ್ಮ ಇಂವಂದ್ರೀ" ಎಂದು ಮೇಲಿಂದ ದನಿ ಬಂತು. ಬಾಗಿಲ ಮೆಟ್ಟಿಲ ಮೇಲೆ ಆ ತಾಯಿ ಕೂಸನ್ನು ಎತ್ತಿ ಎಲ್ಲರಿಗೂ ತೋರಿಸುತ್ತಿದ್ದಳು. "ಮುಂಜಾನಿ ನನ್ನ ಮ್ಯಾಲೂ ಮಾಡ್ಯಾನ. ನಮ್ಮ ಅತ್ತಿ ಮ್ಯಾಲೂ ಮಾಡ್ಯಾನ. ಈಗ ಈ ಅಕ್ಕಂದು ಪಾಳಿ ಬಂತು."

ಯಾರೋ ನಕ್ಕರು. ಅವಳು ಇಳಿದು ನನ್ನ ಬಳಿ ಬಂದು ದನಿ ತಗ್ಗಿಸಿ, "ಒದ್ದಿ ಆದ ಕೂಡ್ಲೆ ಹೇಳಬಾರದೇನ್ರಿ ಅಕ್ಕ?" ಎಂದಳು.

"ನನಗ ಗೊತ್ತೇ ಆಗಲಿಲ್ಲವ್ವ" ಎಂದೆ.

ಅವಳು ಕುರ್ಚಿಯನ್ನು ನೋಡಿದಳು, ನನ್ನ ಕಾಲುಗಳನ್ನು ನೋಡಿದಳು. ಅವಳಿಗೆ ತಿಳಿಯಿತು. ಇನ್ನು ‘ಅಯ್ಯೋ ಪಾಪ’ ಬರುತ್ತದೆಂದು ನಾನು ಕಾದೆ. ಆ ಮಾತಿಗೆ ತಕ್ಕ ನಗೆಯೊಂದು ನನ್ನ ಬಳಿ ಸದಾ ಸಿದ್ಧವಿರುತ್ತದೆ, ಅದನ್ನು ಮುಖಕ್ಕೆ ತಂದುಕೊಂಡೆ. ಅವಳು ಅಣ್ಣನ ಟವೆಲ್ಲನ್ನು ಪಕ್ಕಕ್ಕೆ ಸರಿಸಿ ಕೂಸನ್ನು ನನ್ನ ಒದ್ದೆ ಸೀರೆಯ ಮೇಲೆಯೇ ಕೂಡಿಸಿದಳು.

"ಹ್ಯಾಂಗೂ ತೋಯ್ದದ್ದ ತೋಯ್ದದ. ಇಟ್ಕೊಂಡಿರ್ರಿ, ನನ್ನ ಗಂಟು ಹಿಂದೇ ಉಳದದ" ಎಂದು ಮತ್ತೆ ಬಸ್ ಹತ್ತಿದಳು.

ಅಣ್ಣ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಒದ್ದೆ ಬಟ್ಟೆಯಲ್ಲಿ ಕೂರಬಾರದು, ಚರ್ಮ ಕೆಡುತ್ತದೆ ಎಂದು ಡಾಕ್ಟರು ಪ್ರತಿ ಸಲವೂ ಹೇಳುತ್ತಾರೆ. ಅವರ ಮಾತನ್ನು ನಾನು ಯಾವಾಗಲೂ ಕೇಳುವವಳು. ಆದರೆ ಆಗ ಮಾತ್ರ, ಆ ಗಂಟು ಯಾವುದಾದರೂ ಸೀಟಿನ ಕೆಳಗೆ ಚೆನ್ನಾಗಿ ಸಿಕ್ಕಿಹಾಕಿಕೊಂಡಿರಲಿ, ಬೇಗ ಬರದಿರಲಿ ಎಂದು ದೇವರನ್ನು ಬೇಡಿಕೊಂಡೆ.