ಸೈದಾ ಬೀ ಮಡಿಲಿನ ಗುಳಿಗೆಗಳು

ಸೈದಾ ಬೀ ಬಸ್ಸಿನಲ್ಲಿ ನಿದ್ದೆ ಮಾಡುವುದನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು. ನಾನು ಕಂಡಕ್ಟರ್. ಬೆಳಿಗ್ಗೆ ಮೈಲಾರದಿಂದ ಹಡಗಲಿಗೆ, ಮಧ್ಯಾಹ್ನ ಅದೇ ಬಸ್ಸಿನಲ್ಲಿ ವಾಪಸ್ಸು. ಹೆಂಗಸರಿಗೆ ಟಿಕೆಟ್ ಪುಕ್ಕಟೆ ಆದಮೇಲೆ ಕಾಲಿಡಲೂ ಜಾಗವಿಲ್ಲ. ಕೂಗಿ ಕೂಗಿ ನನ್ನ ಗಂಟಲು ಹರಿದಿದೆ, ಸಿಟ್ಟು ಮೂಗಿನ ತುದಿಯಲ್ಲೇ ಮನೆ ಮಾಡಿದೆ. ಇಂಥ ಗದ್ದಲದಲ್ಲಿ ಆಕೆ ಮಲ್ಲಿಗೆ ಮೊಗ್ಗಿನ ಒದ್ದೆ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಕಿಟಕಿಗೆ ತಲೆ ಆನಿಸಿ ಮಲಗಿಬಿಡುತ್ತಾಳೆ. ಹೊಳೆ ಕಡೆಯ ಮಂಜು ಕಿಟಕಿಯಿಂದ ಒಳಬಂದು ಆಕೆಯ ಸೆರಗಿನ ಮೇಲೆ ಕೂರುತ್ತದೆ.

ಹೂವು ಮಾರುವುದು ಆಕೆಯ ಹೊಟ್ಟೆಪಾಡು. ಗುಳಿಗೆ ತರುವುದು ಮಾತ್ರ ತಾನಾಗಿ ಬಂದು ಕೊರಳಿಗೆ ಬಿದ್ದ ಕೆಲಸ. ಗಂಡ ಇದ್ದಾಗ ಅವನ ದಮ್ಮಿನ ಗುಳಿಗೆಗೆಂದು ಹಡಗಲಿಯ ಡಾಕ್ಟರ ಹತ್ತಿರ ಹೋಗುತ್ತಿದ್ದಳು. ಅವನು ತೀರಿಕೊಂಡ ಮೇಲೆ ಊರವರು, ‘ಹೆಂಗೂ ಹೊಂಟೀಯಲ್ಲ’ ಎಂದು ತಮ್ಮ ತಮ್ಮ ಗುಳಿಗೆ ಶೀಟುಗಳನ್ನು ಕೊಡತೊಡಗಿದರು. ಆ ಡಾಕ್ಟರಿಗೆ ಖಾಲಿ ಶೀಟೇ ಅರ್ಜಿ; ಅವತ್ತು ರಾತ್ರಿಯ ಕೊನೆಯ ಗುಳಿಗೆಯನ್ನು ಬಿಡಿಸಿ ಮನೆಯಲ್ಲಿಟ್ಟುಕೊಂಡು ಶೀಟು ಕೊಟ್ಟರಾಯಿತು. ಬೆಳಿಗ್ಗೆ ಅದನ್ನು ದವಾಖಾನೆಯ ನರ್ಸ್ ಸುಕನ್ಯಾಳ ಕೈಗೆ ಕೊಡಬೇಕು. ಡಾಕ್ಟರು ಸಂಜೆ ಕೂತಾಗ ಶೀಟು ನೋಡಿ ಮತ್ತೆ ಅದನ್ನೇ ಬರೆದಿಡುತ್ತಾರೆ. ಮರುದಿನ ಸೈದಾ ಬೀ ಹೊಸ ಗುಳಿಗೆ ಕೊಂಡು ಮಧ್ಯಾಹ್ನದ ಬಸ್ಸು ಹತ್ತುತ್ತಾಳೆ. ಹೂವು ಸುತ್ತಿ ತಂದ ಬಾಳೆ ಎಲೆಯಲ್ಲೇ ಗುಳಿಗೆಯನ್ನೂ ಸುತ್ತುವುದರಿಂದ, ಆಕೆಯ ಊರಿನಲ್ಲಿ ಬಿಪಿ ಗುಳಿಗೆಯೂ ಮಲ್ಲಿಗೆಯಂತೆ ಘಮಘಮಿಸುತ್ತದೆ.

ಮಡಿಲಲ್ಲಿ ಯಾರ ಗುಳಿಗೆ ಇರುತ್ತದೋ ಅವರ ಕನಸು ತನಗೆ ಬೀಳುತ್ತದೆ ಎನ್ನುವುದು ಆಕೆಯ ನಂಬಿಕೆ. ಪಂಚಾಕ್ಷರಪ್ಪನ ಸಕ್ಕರೆ ಕಾಯಿಲೆ ಗುಳಿಗೆ ಇದ್ದ ದಿನ ಕನಸಿನ ತುಂಬ ಜಿಲೇಬಿ. ‘ಪಾಪ, ರಾತ್ರಿಯೆಲ್ಲಾ ಅದಾ ನೆನಸ್ತಿರಬೇಕು’ ಎಂದು ನಗುತ್ತಾಳೆ. ಭಾಗ್ಯಳ ಗುಳಿಗೆ ಇದ್ದರೆ ಮಾತ್ರ ಒಂದು ಬಾವಿ ಕಾಣುತ್ತದಂತೆ. ಅಲುಗಾಡದ ನೀರು; ಅದರ ತಳದಿಂದ ಯಾರೋ ಮೇಲೆ ನೋಡುತ್ತಿರುತ್ತಾರಂತೆ.

ಭಾಗ್ಯ ಆಕೆಯ ಪಕ್ಕದ ಮನೆಯ ಉಚ್ಚಂಗೆಮ್ಮನ ಮಗಳು. ಹಡಗಲಿಗೆ ಹೋಗಿ ಹೊಲಿಗೆ ಕಲಿಯಬೇಕೆಂಬ ಆಸೆಯ ಹುಡುಗಿ. ಆದರೆ ಮೂರ್ಛೆ ರೋಗ. ಮೂರ್ಛೆ ನಿಂತರೆ ಬಸ್ಸು ಹತ್ತಬಹುದು ಎಂದು ಡಾಕ್ಟರು ಹೇಳಿದ್ದರು. ಅದು ನಿಲ್ಲಲಿಲ್ಲ. ಒಂದು ರಾತ್ರಿಯಾದರೂ ಗುಳಿಗೆ ತಪ್ಪಿದೆಯೇ ಎಂದು ಡಾಕ್ಟರು ಕೇಳಿದರೆ, ಉಚ್ಚಂಗೆಮ್ಮ ಮನೆದೇವರ ಮೇಲೆ ಆಣೆ ಮಾಡಿ ಇಲ್ಲ ಎಂದಳು. ಅವರು ಗುಳಿಗೆಯ ಬಲ ಹೆಚ್ಚಿಸಿದರು. ಮೂರ್ಛೆ ಹಾಗೇ ಉಳಿಯಿತು, ಹುಡುಗಿಗೆ ಹಗಲೆಲ್ಲ ಮಂಪರು ಹತ್ತಿತು. ಸೂಜಿಗೆ ದಾರ ಪೋಣಿಸುತ್ತ ಅರ್ಧಕ್ಕೇ ಕಣ್ಣು ಮುಚ್ಚುತ್ತಿದ್ದಳು. ಇದೆಲ್ಲದರ ಮೇಲೆ ಊರಲ್ಲೊಂದು ಮಾತು ಹುಟ್ಟಿತ್ತು: ‘ಗುಳಗಿ ಬರೋ ದಿನಾನ ಆಕಿಗಿ ಬ್ಯಾನಿ ಬರ್ತೈತಿ.’ ಸೈದಾ ಬೀಗೆ ಇದು ಎದೆಗೆ ಚುಚ್ಚಿದ ಮುಳ್ಳು. ಗುಳಿಗೆ ತಂದು ಕೊಡುವುದನ್ನೇ ಬಿಟ್ಟುಬಿಡಲೇ ಎಂದು ಒಮ್ಮೆ ನನ್ನನ್ನೇ ಕೇಳಿದ್ದಳು.

ಮೊನ್ನೆ ಮಾಗಿಯ ಒಂದು ಬೆಳಿಗ್ಗೆ ಬಸ್ಸು ಹಳ್ಳ ಇಳಿದು ಏರುವಾಗ ಆಕೆಯ ಮಡಿಲಿಂದ ಒಂದು ಶೀಟು ಜಾರಿ ನನ್ನ ಕಾಲ ಬಳಿ ಬಿತ್ತು. ಎತ್ತಿ ನೋಡಿದೆ. ಕೊನೆಯ ಗೂಡಿನಲ್ಲಿ ಒಂದು ಗುಳಿಗೆ ಉಳಿದಿತ್ತು.

‘ಏಳಬೇ, ಯಾರದಿದು? ಪೂರಾ ಖಾಲಿ ಆಗಿಲ್ಲ’ ಎಂದು ರೇಗಿದೆ.

‘ಭಾಗ್ಯಂದು. ಖಾಲಿ ಹೆಂಗ ಕೊಡ್ತಾರೋ ಯಪ್ಪಾ? ಮಂದಿ ಮನಿ ಡಬ್ಬಿ ಖಾಲಿ ವಾಪಸ್ ಕೊಡ್ತಿಯೇನು ನೀನು? ಉಚ್ಚಂಗೆಮ್ಮ ಚಲೋ ಮನಿತನದಾಕಿ, ಯಾವತ್ತೂ ಒಂದು ಬಿಟ್ಟಾ ಕೊಡ್ತಾಳ.’

ನಾನೂ ತಲೆಯಾಡಿಸಿದೆ. ನನ್ನ ಅವ್ವನೂ ಅಷ್ಟೇ. ಪಕ್ಕದ ಮನೆಯ ಬಟ್ಟಲನ್ನು ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕದೆ ತಿರುಗಿ ಕೊಟ್ಟವಳಲ್ಲ. ಡಾಕ್ಟರಿಗೆ ಬಣ್ಣ ಗುರುತಾಗಲೆಂದು ಒಂದು ಬಿಟ್ಟಿರಬೇಕು ಎಂದುಕೊಂಡು ಸುಕನ್ಯಾಳೂ ಸುಮ್ಮನಿದ್ದಳಂತೆ. ಶೀಟನ್ನು ಆಕೆಯ ಮಡಿಲಿಗೆ ಹಾಕಿ ನಾನು ಮುಂದಿನ ಸೀಟಿಗೆ ಹೋದೆ.

ಸೈದಾ ಬೀ ಮತ್ತೆ ಕಣ್ಣು ಮುಚ್ಚಲಿಲ್ಲ. ಶೀಟನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕೂತಳು. ಹೊರಗೆ ಜೋಳದ ಹೊಲಗಳು ಮಂಜಿನಲ್ಲಿ ತೇಲುತ್ತಿದ್ದವು.

‘ಗವಿಸಿದ್ದೇಶ’ ಎಂದು ನನ್ನ ಹೆಸರು ಹಿಡಿದು ಕರೆದಳು. ‘ಇದು ಇವತ್ತು ರಾತ್ರಿ ನುಂಗೋದು ಅಲ್ಲೇನೋ?’ ಎಂದಳು. ದನಿ ಬೇರೆಯಾಗಿತ್ತು. ‘ಇದು ನನ್ನ ಕೈಯಾಗ ಐತಿ. ಹೊಸಾವು ನಾಳಿಗೆ ಬರ್ತಾವ. ಹಂಗಾರ ಈ ರಾತ್ರಿ ಆಕಿ ಏನು ನುಂಗತಾಳ?’

ನಾನು ಬೆರಳು ಮಡಿಚಿ ಎಣಿಸಿದೆ. ಪ್ರತಿಸಲ ಶೀಟು ಹೋದ ರಾತ್ರಿ ಹುಡುಗಿ ಗುಳಿಗೆಯಿಲ್ಲದೆ ಮಲಗಿದ್ದಳು. ಮರುದಿನ ಹೊತ್ತೇರುವಾಗ ಮೂರ್ಛೆ. ಆಮೇಲೆ ಗುಳಿಗೆ ಹಿಡಿದು ಸೈದಾ ಬೀ.

‘ನಿಂದ್ರಸೋ ಬಸ್ಸು!’

ಹೊಲದ ನಡುವೆ ನಿಲ್ಲಿಸಿದೆವು. ಆಕೆ ಗುಳಿಗೆಯನ್ನು ಬಿಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಖಾಲಿ ಶೀಟನ್ನು ನನಗೆ ಕೊಡಲು ಹೋದವಳು ತಡೆದಳು. ಹೂವಿನ ಗಂಟಿನಿಂದ ಒಂದು ಮೊಗ್ಗು ತೆಗೆದು, ಗುಳಿಗೆಯಿದ್ದ ಗೂಡಿಗೆ ಸಿಕ್ಕಿಸಿ, ‘ಈಗ ತಗೋ, ಸುಕನ್ಯಾಗ ಕೊಡು’ ಎಂದಳು. ಹೂವಿನ ಗಂಟನ್ನೂ ನನ್ನ ಮೇಲೇ ಬಿಟ್ಟು ಊರ ಕಡೆ ನಡೆದಳು. ಮಂಜಿನಲ್ಲಿ ಸ್ವಲ್ಪ ಹೊತ್ತು ಸೆರಗು ಕಂಡಿತು, ಆಮೇಲೆ ಅದೂ ಇಲ್ಲ. ಅವತ್ತು ನಾನು ಬ್ಯಾಗು ಒಂದು ಹೆಗಲಿಗೆ, ಮಲ್ಲಿಗೆ ಇನ್ನೊಂದು ಹೆಗಲಿಗೆ ಹಾಕಿಕೊಂಡು ಟಿಕೆಟ್ ಹರಿದೆ. ಎಲ್ಲರೂ ನಕ್ಕರು, ನಗಲಿ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದ ಆಕೆಯ ಕಣ್ಣುಗಳು ಕೆಂಪಗಿದ್ದವು. ವಿಷಯ ತಿಳಿದ ಉಚ್ಚಂಗೆಮ್ಮ ಹೊಸ್ತಿಲ ಮೇಲೆ ಕೂತು, ‘ಶೀಟು ಕೊಟ್ಟ ರಾತ್ರಿ ಲೆಕ್ಕಕ್ಕಾ ಹಿಡೀಲಿಲ್ಲ, ನನ್ನ ಕೈಯಾರೆ ನನ್ನ ಮಗಳ ಗುಳಗಿ ದಾನ ಮಾಡಿದೆನಲ್ಲ’ ಎಂದು ಅತ್ತಳಂತೆ. ಭಾಗ್ಯ ರಾತ್ರಿ ಗುಳಿಗೆ ನುಂಗಿದ್ದಳು, ಇನ್ನೂ ಎದ್ದಿರಲಿಲ್ಲ. ಹೊತ್ತೇರಿದ ಮೇಲೆ ಏನಾಗುವುದೋ.

ಮಧ್ಯಾಹ್ನ ಸೈದಾ ಬೀ ಹೊಸ ಗುಳಿಗೆಯ ಬಾಳೆ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ನಿದ್ದೆಯೂ ಇಲ್ಲ, ಕನಸೂ ಇಲ್ಲ. ಬಸ್ಸು ಆಕೆಯ ಊರಿನ ಬೇವಿನ ಮರ ತಲುಪಿತು. ಆ ನೆರಳಲ್ಲಿ ಭಾಗ್ಯ ನಿಂತಿದ್ದಳು. ತಲೆ ಬಾಚಿ ಹೂವು ಮುಡಿದು, ತನ್ನ ಕಾಲ ಮೇಲೆ ತಾನೇ ನಿಂತು ಕೈ ಚಾಚಿದಳು.

‘ಗುಳಗಿ ಕೊಡ್ರೀ, ನಾನಾ ಒಯ್ಯಾಕ ಬಂದೇನಿ.’

ಸೈದಾ ಬೀ ಮೆಟ್ಟಿಲ ಮೇಲೇ ಹುಡುಗಿಯ ಮುಖವನ್ನು ಅಂಗೈಯಲ್ಲಿ ಹಿಡಿದು ನಿಂತುಬಿಟ್ಟಳು. ಇಳಿಯಲೂ ಇಲ್ಲ, ಗುಳಿಗೆ ಕೊಡಲೂ ಇಲ್ಲ. ಡ್ರೈವರು ಹಾರನ್ ಹೊಡೆದ, ಹಿಂದಿನವರು ಗೊಣಗಿದರು. ಸೀಟಿ ನನ್ನ ಬಾಯಲ್ಲೇ ಇತ್ತು. ನಾನು ಊದಲಿಲ್ಲ.